ನಿದ್ದೆ ಮಾತ್ರೆಗೂ ಮುಂಚೆ ಐದು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಕೊಡಗಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದೇ ಥರದ ದೂರುಗಳು ಜಾಸ್ತಿ. ಎದೆ ಡವಡವ ಅನ್ನುತ್ತೆ, ಹೊಟ್ಟೆ ಉರಿ, ನಿದ್ದೆ ಇಲ್ಲ. ಬಿಪಿ ನೋಡಿದರೆ ಸರಿ ಇದೆ, ಇಸಿಜಿಯೂ ಸರಿ ಇದೆ. ಗ್ಯಾಸ್ ಮಾತ್ರೆ ಜೊತೆಗೆ ನಿದ್ದೆ ಮಾತ್ರೆ ಬರೆದು ಕಳಿಸುತ್ತಾರೆ. ನಿವೃತ್ತಳಾಗುವವರೆಗೂ ಸ್ಟಾಫ್ ನರ್ಸ್ ಆಗಿ ಇದನ್ನೇ ನೋಡಿದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. ಮನೆ ಹೋದ ಹಲವರಿಗೆ ಬೇರೆ ಕಡೆ ಮನೆ ಸಿಕ್ಕಿದೆ. ಅಲ್ಲೂ ಜೋರು ಮಳೆ ಬಂದ ರಾತ್ರಿ ಕಾಗದಪತ್ರದ ಚೀಲ ಪಕ್ಕದಲ್ಲಿಟ್ಟುಕೊಂಡು ಬೆಳಗಿನವರೆಗೆ ಕೂತಿರುವವರಿದ್ದಾರೆ. ಒಮ್ಮೆ ಒಬ್ಬ ಹೆಂಗಸಿಗೆ ಬಿಪಿ ಪಟ್ಟಿ ಕಟ್ಟುತ್ತಿದ್ದೆ. ಹೊರಗೆ ಟಿಪ್ಪರ್ ಜಲ್ಲಿ ಸುರಿಯಿತು. ಅವರು ನಡುಗಿ ನನ್ನ ಕೈ ಹಿಡಿದುಕೊಂಡರು, ಮೈಯೆಲ್ಲ ಬೆವರು. ಚೀಟಿಯಲ್ಲಿ ಬರೆದಿದ್ದು ಬರೀ ಅಸಿಡಿಟಿ. ಗುಡ್ಡದ ವಿಷಯ ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಇದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ, ಅಂದರೆ ಭೀಕರ ಘಟನೆ ಕಂಡ ಮೇಲೆ ಮನಸ್ಸಿನಲ್ಲಿ ಉಳಿದುಬಿಡುವ ಆಘಾತದ ಕಾಯಿಲೆ. ಗುರುತಿಸಲು ದೊಡ್ಡ ಯಂತ್ರ ಬೇಡ. ಅಂಥ ಘಟನೆ ಕಂಡವರೇ ಎಂದು ಮೊದಲು ತಿಳಿದುಕೊಂಡು ಐದು ಪ್ರಶ್ನೆ ಕೇಳಿದರೆ ಸುಳಿವು ಸಿಗುತ್ತದೆ. ಕಳೆದ ಒಂದು ತಿಂಗಳಲ್ಲಿ ಅದರ ಕೆಟ್ಟ ಕನಸು ಬೀಳುತ್ತಾ, ಬೇಡ ಅಂದರೂ ನೆನಪು ನುಗ್ಗುತ್ತಾ? ಆ ಜಾಗ, ಆ ಮಾತು ಬಂದರೆ ತಪ್ಪಿಸಿಕೊಳ್ಳುತ್ತೀರಾ? ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೀರಾ? ಮನೆಯವರ ಜೊತೆಗಿದ್ದರೂ ಮನಸ್ಸು ಮರಗಟ್ಟಿದಂತೆ ಇರುತ್ತಾ? ತಪ್ಪು ನನ್ನದೇ ಅನ್ನಿಸುತ್ತಾ? ಈ ಕೊನೆಯದನ್ನು ಮೆಲ್ಲಗೆ ಕೇಳಬೇಕು. ಅಜ್ಜಿಯನ್ನೋ ದನವನ್ನೋ ಬಿಟ್ಟು ಓಡಿಬಂದವರು ಅಲ್ಲಿಯೇ ಒಡೆದುಹೋಗುತ್ತಾರೆ.

ನಿದ್ದೆ ಮಾತ್ರೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಅಲ್ಪ್ರಜೋಲಮ್‌ನಂಥವು ಚಟವಾಗುತ್ತವೆ, ಈಗಾಗಲೇ ನುಂಗುತ್ತಿರುವವರು ತಾವೇ ದಿಢೀರ್ ನಿಲ್ಲಿಸುವುದೂ ಅಪಾಯ. ಆ ನೆನಪನ್ನೇ ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ ಮುಖ್ಯ. ಬೇಕಾದರೆ ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ ಕೊಡಬಹುದು. ಅದರ ಗುಣ ಕಾಣಲು ಕೆಲವು ವಾರ ಬೇಕು ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಕುಡಿತಕ್ಕೆ ಬಿದ್ದ ಗಂಡಸರನ್ನೂ ಬೈದು ಕಳಿಸದೆ ಇವೇ ಪ್ರಶ್ನೆ ಕೇಳಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆರೋಗ್ಯ ಇಲಾಖೆ ಮುಂದಿನ ಜೂನ್‌ಗೆ ಮೊದಲೇ ಈ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕೇಂದ್ರದ ಹೊರರೋಗಿ ಮೇಜಿಗೆ ಕೊಡಲಿ. ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕೇಳುವ ರೀತಿ ಕಲಿಸಲಿ.

– ನಿವೃತ್ತ ಸ್ಟಾಫ್ ನರ್ಸ್, ಮಡಿಕೇರಿ