ಬ್ಯಾರನ್ ನಿಶಿಯವರ ಜೀವನಕಥೆಯನ್ನು ಬರೆದು ಮುಗಿಸಲು ನೆರವಾದವರಿಗೆ

ಜಪಾನಿನ ಸೇನಾಧಿಕಾರಿಯೂ ಒಲಿಂಪಿಕ್ ಕುದುರೆ ಸವಾರರೂ ಆಗಿದ್ದ ಬ್ಯಾರನ್ ತಾಕೆಇಚಿ ನಿಶಿಯವರ ಜೀವನವನ್ನು ಕುರಿತ ನನ್ನ ಹಸ್ತಪ್ರತಿ ಕಳೆದ ತಿಂಗಳು ಮುಗಿಯಿತು. ಹೋದ ಭಾನುವಾರ ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಮೂವತ್ತು ಮಂದಿ ಕುಳಿತು ಅದರ ಕೊನೆಯ ಅಧ್ಯಾಯವನ್ನು ಕೇಳಿದರು. 2024ರ ಜೂನ್‌ನಲ್ಲಿ ನಾನು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅರ್ಧಕ್ಕೆ ನಿಂತುಹೋಗಿದ್ದ ಕೆಲಸವಿದು. ಅದನ್ನು ಮುಗಿಸಲು ಕೈಹಿಡಿದವರನ್ನು ಎಲ್ಲರೆದುರು ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ನಮ್ಮ ಬೀದಿಯ ದಫೇದಾರರಿಗೆ. ದಫೇದಾರ ಎಂದರೆ ಕುದುರೆ ದಳದಲ್ಲಿ ಸಾರ್ಜೆಂಟಿಗೆ ಸಮನಾದ ದರ್ಜೆ. ಅವರು ಭಾರತೀಯ ಸೇನೆಯ ಕುದುರೆ ರೆಜಿಮೆಂಟಾದ 61ನೇ ಕ್ಯಾವಲ್ರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಮೈಸೂರು ಲ್ಯಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಕುದುರೆ ದಳಗಳನ್ನು ಒಗ್ಗೂಡಿಸಿ 1953ರಲ್ಲಿ ಕಟ್ಟಿದ ಆ ರೆಜಿಮೆಂಟಿನ ಮಾತು ಬಂದರೆ ಅವರ ಬೆನ್ನು ಈಗಲೂ ತಾನಾಗಿ ನೆಟ್ಟಗಾಗುತ್ತದೆ. ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಇಸವಿಗಳನ್ನು ಹುಡುಕಬಲ್ಲೆನೇ ಹೊರತು ಕುದುರೆಯ ಮೇಲೆ ಕುಳಿತವನಲ್ಲ. 1932ರ ಆಗಸ್ಟ್ 14ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಂನಲ್ಲಿ ಅಡೆಗಳನ್ನು ಹಾರಿಸುವ ಸ್ಪರ್ಧೆಯಲ್ಲಿ ನಿಶಿಯವರು ಯುರೇನಸ್ ಎಂಬ ಕುದುರೆಯ ಮೇಲೆ ಎಲ್ಲರಿಗಿಂತ ಕಡಿಮೆ, ಎಂಟೇ ತಪ್ಪಂಕಗಳಲ್ಲಿ ಸುತ್ತು ಮುಗಿಸಿ ಚಿನ್ನ ಗೆದ್ದರೆಂದು ನಾನು ಒಂದೇ ಸಾಲಿನಲ್ಲಿ ಬರೆದಿದ್ದೆ. ಅಮೆರಿಕದ ಹ್ಯಾರಿ ಚೇಂಬರ್ಲಿನ್ ಹನ್ನೆರಡು ತಪ್ಪಂಕಗಳೊಂದಿಗೆ ಎರಡನೆಯವರಾದರೆಂದೂ, ಆ ದಿನದ ಹಾದಿ ಎಷ್ಟು ಕಠಿಣವಾಗಿತ್ತೆಂದರೆ ಯಾವ ದೇಶವೂ ತನ್ನ ಮೂವರು ಸವಾರರನ್ನು ಕೊನೆ ಮುಟ್ಟಿಸಲಾರದೆ ತಂಡದ ಪದಕವನ್ನೇ ಯಾರಿಗೂ ಕೊಡಲಿಲ್ಲವೆಂದೂ ಓದಿ ತಿಳಿದಿದ್ದೆ. ಆದರೆ ಓಡುತ್ತಿರುವ ಕುದುರೆಯ ಹೆಜ್ಜೆಗಳನ್ನು ಅಡೆಗೆ ಮುಂಚೆಯೇ ಎಣಿಸಿಕೊಳ್ಳುವುದೆಂದರೇನು, ಲಗಾಮನ್ನು ಎಲ್ಲಿ ಸಡಿಲ ಬಿಡಬೇಕು, ಕುದುರೆ ಹಿಂಜರಿದರೆ ಅದು ಸವಾರನ ತೊಡೆಗೆ ಮೊದಲು ಹೇಗೆ ಗೊತ್ತಾಗುತ್ತದೆ ಎಂಬುದನ್ನೆಲ್ಲ ನನ್ನ ಮಂಚದ ಪಕ್ಕದ ಸ್ಟೂಲನ್ನೇ ಕುದುರೆ ಮಾಡಿಕೊಂಡು ದಫೇದಾರರು ತೋರಿಸಿದರು. ಆ ಒಂದು ಸಾಲು ಹನ್ನೊಂದು ಪುಟವಾಯಿತು.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆ ಕಾಲದ ಒಲಿಂಪಿಕ್ ಕುದುರೆ ಸವಾರಿಯಲ್ಲಿ ಸೈನ್ಯದಿಂದ ಬರುವವರು ಅಧಿಕಾರಿಗಳೇ ಆಗಿರಬೇಕಿತ್ತು. ತಂಡದ ಒಬ್ಬ ಸವಾರ ನಿಜವಾಗಿ ಸಾರ್ಜೆಂಟ್ ದರ್ಜೆಯವನೆಂಬ ಕಾರಣಕ್ಕೆ 1948ರಲ್ಲಿ ಸ್ವೀಡನ್ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯ ಶಿಸ್ತಿನ ನಡಿಗೆಯ ಸ್ಪರ್ಧೆಯಲ್ಲಿ, ಗೆದ್ದ ತಂಡದ ಚಿನ್ನವನ್ನು ಮರುವರ್ಷ ಹಿಂದಕ್ಕೆ ಪಡೆಯಲಾಯಿತು. ಸಾಮಾನ್ಯ ಸೈನಿಕರಿಗೆ ಬಾಗಿಲು ತೆರೆದದ್ದು 1952ರಲ್ಲಿ. ಇದನ್ನು ಓದಿ ಹೇಳಿದಾಗ ದಫೇದಾರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ತಮ್ಮ ರೆಜಿಮೆಂಟಿನ ರಘುಬೀರ್ ಸಿಂಗ್ ಶಹಜಾದಾ ಎಂಬ ಕುದುರೆಯ ಮೇಲೆ ಗೆದ್ದ ಚಿನ್ನದ ಕಥೆಯನ್ನು ಸಂಜೆಯವರೆಗೂ ಹೇಳಿದರು. ನಿಶಿಯವರ ಗೆಲುವನ್ನು ಬರೆಯುವಾಗ, ಆ ಅಂಗಣದ ಬೇಲಿಯ ಹೊರಗೇ ಉಳಿದ ಸವಾರರನ್ನೂ ಮರೆಯಬಾರದೆಂದು ನನಗೆ ಅನ್ನಿಸಿದ್ದು ಅಂದು.

ಜಪಾನಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳಿಗೆ ನಾನು ತುಂಬ ಋಣಿ. ಹೊಕ್ಕೈಡೊ ದ್ವೀಪದ ಹೊನ್ಬೆತ್ಸು ಊರಿನ ವಸ್ತುಸಂಗ್ರಹಾಲಯದಲ್ಲಿ ಯುರೇನಸ್‌ನ ಕತ್ತಿನ ಕೂದಲಿನ ಒಂದು ಎಳೆಗಟ್ಟು ಇದೆ. ನಿಶಿಯವರು ಅದನ್ನು ಕೊನೆಯವರೆಗೂ ತಮ್ಮೊಂದಿಗೆ ಇಟ್ಟುಕೊಂಡಿದ್ದರು. 1990ರಲ್ಲಿ ಅದು ಅಮೆರಿಕದಲ್ಲಿ ಪತ್ತೆಯಾಗಿ ಮರಳಿ ಬಂತು. ಅದನ್ನು ಕಣ್ಣಾರೆ ಕಂಡು ಬರಲೆಂದೇ ಅವಳು ಎರಡು ದಿನ ರಜೆ ಹಾಕಿ ಹೋದಳು. ನಾನು ಹಾಸಿಗೆ ಹಿಡಿದಿದ್ದ ಆ ಜುಲೈನಲ್ಲಿಯೇ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಜಪಾನಿನ ಈವೆಂಟಿಂಗ್ (ಡ್ರೆಸಾಜ್, ಬಯಲು ಓಟ, ಅಡೆ ಹಾರುವಿಕೆ ಮೂರೂ ಸೇರಿದ ಸ್ಪರ್ಧೆ) ತಂಡ ಕಂಚು ಗೆದ್ದಿತು. ನಿಶಿಯವರ ಚಿನ್ನದ ನಂತರ 92 ವರ್ಷಗಳಿಗೆ ಆ ದೇಶಕ್ಕೆ ಕುದುರೆ ಸವಾರಿಯಲ್ಲಿ ಬಂದ ಮೊದಲ ಪದಕವದು. ಅಂದು ರಾತ್ರಿ ಫೋನ್ ಮಾಡಿದವಳು, “ಚಿಕ್ಕಪ್ಪ, ನಲವತ್ತರ ಆಸುಪಾಸಿನ ಆ ಸವಾರರು ತಮ್ಮನ್ನು ಮುದಿತನದ ಹೊಸ್ತಿಲಿನ ಜಪಾನ್ ಅಂತ ಕರೆದುಕೊಂಡಿದ್ದಾರೆ, ನೀವು ಯಾಕೆ ಬರೆಯೋದು ನಿಲ್ಲಿಸಿದ್ದೀರಿ?” ಎಂದು ಕೇಳಿದಳು. ಮರುದಿನವೇ ಮಗನಿಗೆ ಹೇಳಿ ಬರೆಯುವ ಹಲಗೆಯನ್ನು ಹಾಸಿಗೆಗೆ ತರಿಸಿಕೊಂಡೆ.

ಕೊನೆಯ ಅಧ್ಯಾಯ ಬರೆಯುವುದು ಕಷ್ಟವಾಗಿತ್ತು. 1944ರ ಜುಲೈ 18ರಂದು ಅಮೆರಿಕದ ಜಲಾಂತರ್ಗಾಮಿಯೊಂದು ನಿಶಿಯವರ 26ನೇ ಟ್ಯಾಂಕ್ ರೆಜಿಮೆಂಟನ್ನು ಜಪಾನಿನ ಇವೊ ಜಿಮಾ ದ್ವೀಪಕ್ಕೆ ಒಯ್ಯುತ್ತಿದ್ದ ಹಡಗನ್ನು ಮುಳುಗಿಸಿತು. 28 ಟ್ಯಾಂಕುಗಳು ಸಮುದ್ರದ ಪಾಲಾದವು. ಬದಲಿ ಟ್ಯಾಂಕುಗಳಿಗಾಗಿ ಟೋಕಿಯೊಗೆ ಬಂದ ಅವರು ವಯಸ್ಸಾಗಿದ್ದ ಯುರೇನಸ್ಸನ್ನು ನೋಡಲು ಹೋದರು. 1945ರ ಮಾರ್ಚ್‌ನಲ್ಲಿ, 42ನೇ ವಯಸ್ಸಿನಲ್ಲಿ, ಅವರು ಆ ದ್ವೀಪದ ಕಾಳಗದಲ್ಲಿ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಯುರೇನಸ್ ಕೂಡ ಸತ್ತಿತು. ಶತ್ರುಗಳಾದ ಅಮೆರಿಕನ್ನರೇ ಧ್ವನಿವರ್ಧಕದಲ್ಲಿ ಹೆಸರು ಹಿಡಿದು ನಿಶಿಯವರನ್ನು ಶರಣಾಗಲು ಕರೆದರೆಂಬ ಪ್ರಸಿದ್ಧ ಕಥೆಗೆ ಗಟ್ಟಿಯಾದ ಆಧಾರವಿಲ್ಲ. ಅದನ್ನು ಕೈಬಿಡಬೇಕೆಂದು ಪಟ್ಟು ಹಿಡಿದವಳು ನನ್ನ ಹೆಂಡತಿ. ಪ್ರತಿ ಪುಟವನ್ನೂ ಓದಿ ತಿದ್ದಿದ ಅವಳ ನಿಷ್ಠುರತೆಗೆ ನಾನು ಕೈಮುಗಿಯುತ್ತೇನೆ.

ನಾಲ್ಕು ತಿಂಗಳು ದಿನವೂ ಮನೆಗೆ ಬಂದು ನನ್ನನ್ನು ಮತ್ತೆ ನಡೆಸಿದ ಫಿಸಿಯೊಥೆರಪಿಯ ಹುಡುಗನಿಗೂ, ನೆಲದ ಮೇಲೆ ಕುಳಿತು ಕೇಳಿದ ನೆರೆಹೊರೆಯವರಿಗೂ ನನ್ನ ವಂದನೆಗಳು. ಓದು ಮುಗಿದಾಗ ದಫೇದಾರರು ಎದ್ದು ಬಂದು ನನ್ನ ಕೈ ಹಿಡಿದುಕೊಂಡು, ಬರುವ ವಾರ ತಾವು ಮಕ್ಕಳಿಗೆ ಸವಾರಿ ಕಲಿಸುವ ಲಾಯಕ್ಕೆ ನನ್ನನ್ನು ಕರೆದೊಯ್ಯುವುದಾಗಿ ಹೇಳಿದರು. ಕುದುರೆಗೆ ಕೊಡಲು ಬೆಲ್ಲವನ್ನು ಈಗಲೇ ತಂದಿಟ್ಟುಕೊಂಡಿದ್ದೇನೆ.