ಪಾಯದ ರೇಟನ್ನು ಇನ್ಮುಂದೆ ಫೋನಿನಲ್ಲಿ ಹೇಳುವುದಿಲ್ಲ

ಗ್ರಾಹಕ ಬಂಧುಗಳೇ, ನಮಸ್ಕಾರ.

"ಸರ್, 30 ಬೈ 40 ಸೈಟು, ಪಾಯಕ್ಕೆ ಎಷ್ಟಾಗುತ್ತೆ?" ಎಂದು ಫೋನ್ ಬಂದರೆ ಇಷ್ಟು ದಿನ ಒಂದು ಅಂದಾಜು ಹೇಳಿಬಿಡುತ್ತಿದ್ದೆವು. ಇನ್ಮೇಲೆ ಮಣ್ಣು ನೋಡಿದ ಮೇಲೇ ಲೆಕ್ಕ.

ಕಾರಣ ನಮ್ಮದೇ ತಪ್ಪು. ಹುಬ್ಬಳ್ಳಿ ಹತ್ತಿರ ನಾವು ಡಿಸೈನ್ ಮಾಡಿದ ಮನೆಯೊಂದರಲ್ಲಿ ಎರಡನೇ ಮಳೆಗಾಲಕ್ಕೇ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಐದು ರೂಪಾಯಿ ನಾಣ್ಯ ತೂರುವಷ್ಟು ಅಗಲ. ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ನಾವು ಸೈಟಿನ ಮುಂಭಾಗದಲ್ಲಿ ಮಾತ್ರ ಮಣ್ಣು ಪರೀಕ್ಷೆ ಮಾಡಿಸಿದ್ದೆವು. ಹಿಂದುಗಡೆ ಇಟ್ಟಿಗೆಗೆ ಮಣ್ಣು ತೆಗೆದ ಹಳೇ ಗುಂಡಿ ಇತ್ತು, ಅದಕ್ಕೆ ಎರೆ ಮಣ್ಣು ತುಂಬಿದ್ದರು. ಪಕ್ಕದ ಹೊಲದ ಅಜ್ಜನಿಗೆ ಗೊತ್ತಿತ್ತು. ನಾವು ಕೇಳಿರಲಿಲ್ಲ.

ಮನೆ ತನ್ನ ಭಾರಕ್ಕೆ ಮಣ್ಣಿನಲ್ಲಿ ಸ್ವಲ್ಪ ಕೂರುವುದು ಸಹಜ. ಎಲ್ಲಾ ಕಂಬ ಒಂದೇ ಸಮ ಕೂತರೆ ಗೋಡೆಗೆ ಗೊತ್ತೂ ಆಗಲ್ಲ. ತೊಂದರೆ ಒಂದು ಕಡೆ ಜಾಸ್ತಿ ಕೂತಾಗ. ಬಿಡಿ ಫೂಟಿಂಗ್ (ಪ್ರತಿ ಕಂಬಕ್ಕೂ ಬೇರೆ ಬೇರೆ ಪಾಯ) ಮೇಲಿನ ಕಾಂಕ್ರೀಟ್ ಕಟ್ಟಡದಲ್ಲಿ 4 ಮೀಟರ್ ಅಂತರದ ಎರಡು ಕಂಬಗಳ ನಡುವೆ ಪಾಯಗಳ ಭಾರತೀಯ ಮಾನದಂಡ ಐಎಸ್ 1904 ಒಪ್ಪುವ, ಕೂರುವುದರ ವ್ಯತ್ಯಾಸ ಬರೀ 6 ಮಿ.ಮೀ.

ಹಾಗಾಗಿ ಇನ್ನು ಮಣ್ಣು ಪರೀಕ್ಷೆಗೆ ಸೈಟಿನ ಮೂರು ಕಡೆಯಾದರೂ ಕೊರೆಸುತ್ತೇವೆ. ಮಣ್ಣು ಮೆತ್ತಗಿದ್ದು ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ರಾಫ್ಟ್ ಹಾಕುತ್ತೇವೆ: ಮನೆಯಡಿ ಪೂರ್ತಿ ಒಂದೇ ಹಾಸು, ಮೇಲೂ ಕೆಳಗೂ ಕಂಬಿ ಜಾಲರಿ. ಲೆಕ್ಕದ ರೀತಿಯೂ ಬದಲಾಗಿದೆ. ಮೊದಲು ಒಟ್ಟು ಭಾರವನ್ನು ವಿಸ್ತೀರ್ಣಕ್ಕೆ ಸುಮ್ನೆ ಭಾಗಿಸುತ್ತಿದ್ದೆವು. ಈಗ ಮಣ್ಣನ್ನು ಸ್ಪ್ರಿಂಗ್‌ಗಳಂತೆ ಹಿಡಿದು, ಮೆತ್ತನೆ ಮೂಲೆಗೆ ಮೆತ್ತನೆ ಸ್ಪ್ರಿಂಗ್ ಕೊಟ್ಟು ನೋಡುತ್ತೇವೆ. 30 ಸೆಂ.ಮೀ. ಪ್ಲೇಟ್ ಪರೀಕ್ಷೆಯ (ಮಣ್ಣಿನ ಮೇಲೆ ಉಕ್ಕಿನ ಪ್ಲೇಟಿಟ್ಟು, ಭಾರ ಹೇರಿ, ಎಷ್ಟು ಕೂರುತ್ತೆ ಅಂತ ಅಳೆಯುವುದು) ಅಂಕಿಯನ್ನು ಹಾಗೇ ನಂಬುವುದೂ ಇಲ್ಲ. ಆ ಪ್ಲೇಟಿನ ಭಾರ ಅರ್ಧ ಮೀಟರ್ ಚಿಲ್ಲರೆ ಆಳಕ್ಕಷ್ಟೇ ತಟ್ಟುತ್ತದೆ. 9 ಮೀಟರ್ ಅಗಲದ ರಾಫ್ಟಿನದ್ದು ಹತ್ತಾರು ಮೀಟರ್ ಕೆಳಗಿನ ಮಣ್ಣನ್ನೂ ಒತ್ತುತ್ತದೆ.

"ದಪ್ಪ ಹಾಕಿದರೆ ಆಯ್ತು ಬಿಡ್ರೀ" ಅನ್ನುವ ಮೇಸ್ತ್ರಿಗಳಿದ್ದಾರೆ. ದಪ್ಪ ರಾಫ್ಟ್ ಬಾಗುವುದು ಕಡಿಮೆ, ನಿಜ. ಆದರೆ ಅರ್ಧ ಮನೆ ತುಂಬಿದ ಗುಂಡಿಯ ಮೇಲಿದ್ದರೆ ಇಡೀ ರಾಫ್ಟೇ ವಾಲುತ್ತದೆ. ಅಂಥ ಕಡೆ ತುಂಬಿದ ಮಣ್ಣು ತೆಗೆಸಿ, ಇಲ್ಲವೇ ಪೈಲ್ (ಕೆಳಗಿನ ಗಟ್ಟಿ ಮಣ್ಣಿನವರೆಗೆ ಇಳಿಸುವ ಕಂಬ) ಹಾಕಿಸಿ ಎನ್ನುತ್ತೇವೆ.

ಕಂಬಿ, ಕಾಂಕ್ರೀಟ್ ಖರ್ಚು ಏರುತ್ತದೆ, ಮುಚ್ಚಿಡುವುದಿಲ್ಲ. ಕೊರೆಸುವ ಖರ್ಚು ನಿಮ್ಮದು. ಈಗಾಗಲೇ ನಮ್ಮ ಡ್ರಾಯಿಂಗ್ ಪಡೆದು ಕೆಲಸ ಶುರುವಾಗದಿದ್ದವರಿಗೆ ಮರುಲೆಕ್ಕ ಉಚಿತ. ಅಗೆಯಲು ಶುರು ಮಾಡುವ ಮೊದಲು ನಮಗೆ ಫೋನ್ ಮಾಡಿ. ಸೈಟಿನಲ್ಲಿ ಹಿಂದೆ ಬಾವಿ, ಹಳ್ಳ, ಗುಂಡಿ ಏನಿತ್ತು ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿಕೊಂಡಿರಿ.

ಇಂತಿ,
ನಿಮ್ಮ ಡಿಸೈನ್ ಆಫೀಸು, ಹುಬ್ಬಳ್ಳಿ