ಚಿನ್ನುವನ್ನು ಮನೆಗೆ ಕರೆದುಕೊಂಡು ಬರುವಾಗ

ತೀರ್ಥಹಳ್ಳಿ,
ಭಾನುವಾರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಚಿನ್ನು ದೂರದರ್ಶನದ ‘ಥಟ್ ಅಂತ ಹೇಳಿ’ ಕ್ವಿಜ್‌ಗೆ ಆಯ್ಕೆಯಾದ ಸುದ್ದಿ ಕೇಳಿ ನಿನ್ನ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಾನು ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. ನೀನು ಅದನ್ನು ಗಮನಿಸಿ, “ಮಾವ, ನಿಮಗೆ ಖುಷಿಯಾಗಲಿಲ್ಲವೇ?” ಎಂದು ಕೇಳಿದೆ. ಆಗಿದೆ ಪುಟ್ಟಿ, ಬಹಳ ಆಗಿದೆ. ಆದರೆ ನನ್ನ ಮನಸ್ಸಿಗೆ ಬಂದದ್ದು ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ನೀನು ಮಾತ್ರ ಓದು, ಈಗಲೇ ಅವಳ ಕೈಗೆ ಕೊಡಬೇಡ.

ಏನೇನು ಓದಿಸಲಿ ಎಂದು ಕೇಳಿದ್ದೆಯಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಹೊಸದಾಗಿ ಏನನ್ನೂ ಓದಿಸಬೇಡ. ಪಿಯುಸಿಗೆ ಬರುವವರೆಗೆ ಆ ಹುಡುಗಿ ಓದಿಕೊಂಡು ಬಂದದ್ದೇ ಅವಳ ಬುತ್ತಿ. ಹದಿನೈದು ದಿನಗಳಲ್ಲಿ ರಾಜಧಾನಿಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ ಎಂದು ತಲೆಗೆ ತುರುಕಿದರೆ ಗೊತ್ತಿರುವುದೂ ಕದಡಿಹೋಗುತ್ತದೆ. ಒಂದು ಅಭ್ಯಾಸ ಮಾತ್ರ ಮಾಡಿಸು: ಪ್ರಶ್ನೆಯ ಕೊನೆಯ ಪದ ಕಿವಿಗೆ ಬೀಳುವವರೆಗೆ ಕಾಯುವುದು. ಕಾರ್ಯಕ್ರಮದ ಹೆಸರು ಥಟ್ ಅಂತ ಹೇಳಿ ಎಂದಿದ್ದರೂ ಪ್ರಶ್ನೆಯನ್ನು ಥಟ್ ಅಂತ ಕೇಳಲು ಬರುವುದಿಲ್ಲ. ಅರ್ಧ ಕೇಳಿ ಕೊಟ್ಟ ಉತ್ತರ ಎಷ್ಟೋ ಸಲ ಬೇರೆ ಯಾವುದೋ ಪ್ರಶ್ನೆಯ ಸರಿಯುತ್ತರವಾಗಿರುತ್ತದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು ಚಿತ್ರೀಕರಣ ಮುಗಿದ ಮೇಲಿನದ್ದು. ಜೆ.ಸಿ. ನಗರದ ದೂರದರ್ಶನ ಕೇಂದ್ರದ ಗೇಟಿನಿಂದ ನೀವಿಬ್ಬರೂ ಹೊರಗೆ ಬರುತ್ತೀರಿ. ಅಲ್ಲಿಂದ ಸಾಗರದ ಮನೆ ಸೇರುವವರೆಗಿನ ದಾರಿ ಇದೆಯಲ್ಲ, ಅದರ ಬಗ್ಗೆ.

1994ರಲ್ಲಿ ನಾನು ಪಾಠ ಹೇಳುತ್ತಿದ್ದ ಹೈಸ್ಕೂಲಿನಿಂದ ಇಬ್ಬರು ಹುಡುಗರನ್ನು ಟೀವಿಯ ಒಂದು ಶಾಲಾ ಕ್ವಿಜ್‌ಗೆ ಕರೆದುಕೊಂಡು ಹೋಗಿದ್ದೆ. ನೀನಾಗ ಚಿಕ್ಕವಳು, ನಿನಗೆ ನೆನಪಿರಲಾರದು. ಅವರಲ್ಲೊಬ್ಬ ಒಂಬತ್ತನೇ ತರಗತಿಯವನು, ಕುಪ್ಪಳಿಯ ಕಡೆಯ ಹುಡುಗ. ಕೈಗೆ ಸಿಕ್ಕಿದ ಕಾಗದದ ಚೂರನ್ನೂ ಬಿಡದೆ ಓದುತ್ತಿದ್ದ. ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣವನ್ನು ಬಿಚ್ಚಿ, ಕಾಗದವನ್ನು ಸರಿಪಡಿಸಿಕೊಂಡು ಓದಿದ ಮೇಲೆಯೇ ಬೆಲ್ಲವನ್ನು ಅಮ್ಮನ ಕೈಗೆ ಕೊಡುತ್ತಿದ್ದನಂತೆ. ಆ ದಿನ ಸ್ಟುಡಿಯೋದಲ್ಲಿ ಅವನು ಚೆನ್ನಾಗಿಯೇ ಆಡಿದ. ಕೊನೆಯ ಸುತ್ತಿನಲ್ಲಿ ಎರಡು ತಂಡಗಳು ಸಮಸಮವಾಗಿದ್ದಾಗ ಪ್ರಶ್ನೆ ಬಂತು: ಕುವೆಂಪು ಅವರು ಹುಟ್ಟಿದ ಊರು ಯಾವುದು?

ನಮ್ಮ ಹುಡುಗ ಬಜರ್ ಒತ್ತಿದ. “ಕುಪ್ಪಳಿ” ಎಂದ.

ಕುಪ್ಪಳಿ ಕವಿಗಳು ಬೆಳೆದ ಮನೆ, ಅವರ ತಂದೆಯ ಊರು. ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕಿನಲ್ಲಿ, 1904ರ ಡಿಸೆಂಬರ್ 29ರಂದು. ಪಕ್ಕದ ತಂಡದ ಹುಡುಗಿ ಅದನ್ನು ಹೇಳಿದಳು. ನಾವು ಸೋತೆವು.

ಮೆಜೆಸ್ಟಿಕ್‌ಗೆ ಬಂದು ನಾನೊಂದು ಕಾಫಿ ಕುಡಿದೆ. ಹುಡುಗರಿಗೆ ಹಸಿವಾಗಿದೆಯೇ ಎಂದು ಕೇಳಲಿಲ್ಲ. ಬೇಕೆಂದು ಹಾಗೆ ಮಾಡಿದ್ದಲ್ಲ, ನನ್ನ ತಲೆಯಲ್ಲಿ ಆ ಪ್ರಶ್ನೆಯೇ ಸುಳಿಯಲಿಲ್ಲ. ಬಸ್ಸು ತುಮಕೂರು ದಾಟುವವರೆಗೆ ಬಾಯಿ ಬಿಗಿದುಕೊಂಡು ಕೂತಿದ್ದವನು ಆಮೇಲೆ ಶುರು ಮಾಡಿದೆ. ಪ್ರಪಂಚಕ್ಕೆಲ್ಲ ಗೊತ್ತಿಲ್ಲದಿದ್ದರೂ ನಡೆದೀತು, ಕುಪ್ಪಳಿಯ ಮಗ್ಗುಲಲ್ಲಿ ಹುಟ್ಟಿದವನಿಗೆ ಗೊತ್ತಿರಬೇಡವೇ? ಶಾಲೆಯ ಹೆಸರು ಏನಾಯಿತು? ನಾನು ಯಾವ ಮುಖ ಹೊತ್ತು ಸ್ಟಾಫ್ ರೂಮಿಗೆ ಹೋಗಲಿ? ತಿಪಟೂರಿನಲ್ಲಿ ಬಸ್ಸು ನಿಂತಾಗಲೂ ನಿಲ್ಲಿಸಲಿಲ್ಲ. ಹುಡುಗ ಕಿಟಕಿಯ ಸರಳನ್ನು ಹಿಡಿದುಕೊಂಡು ಹೊರಗಿನ ಕತ್ತಲನ್ನೇ ನೋಡುತ್ತಿದ್ದ. ಒಮ್ಮೆಯೂ ಎದುರಾಡಲಿಲ್ಲ, ಅಳಲೂ ಇಲ್ಲ.

ಮೂರು ವಾರಗಳ ನಂತರ ಅದು ಪ್ರಸಾರವಾಯಿತು. ಊರಿನಲ್ಲಿ ಟೀವಿಯಿದ್ದ ಮನೆಗಳು ಬೆರಳೆಣಿಕೆಯಷ್ಟು; ಆ ಮನೆಗಳ ಜಗಲಿ ತುಂಬ ಜನ. ಅವನು “ಕುಪ್ಪಳಿ” ಎಂದಾಗ ಮೊದಲು ಚಪ್ಪಾಳೆ ಬಿತ್ತು, ಅದೇ ಸರಿಯೆಂದು ಎಲ್ಲರೂ ನಂಬಿದ್ದರು. ಆಮೇಲೆ ನಗು. ಹುಡುಗ ಅಲ್ಲಿರಲಿಲ್ಲ. ಅಡಿಕೆ ಅಂಗಳದಲ್ಲಿ ಕೆಲಸವಿದೆ ಎಂದು ಹೇಳಿ ಹೋಗಿದ್ದನಂತೆ.

ಮಾರ್ಚ್ ತಿಂಗಳಲ್ಲಿ ಮಕ್ಕಳ ಟಿಪ್ಪಣಿ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಅವನದು ಕೈಗೆ ಬಂತು. ಗುಂಡು ಅಕ್ಷರಗಳಲ್ಲಿ ‘ಕವಿ ಪರಿಚಯ: ಕುವೆಂಪು. ಜನ್ಮಸ್ಥಳ: ಕುಪ್ಪಳಿ’ ಎಂದು ಬರೆದಿತ್ತು. ಅದರ ಮಗ್ಗುಲಿಗೇ ಕೆಂಪು ಶಾಯಿಯ ಸರಿ ಗುರುತು, ಕೆಳಗೆ ನನ್ನ ರುಜು. ಬರೆಸಿದವನು ನಾನು, ಸರಿಯೆಂದು ಒಪ್ಪಿದವನೂ ನಾನು.

ಆಗಲೂ ಅವನನ್ನು ಕರೆದು ಒಂದು ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ. ಮರುವರ್ಷ ಜಿಲ್ಲಾ ಮಟ್ಟದ ಕ್ವಿಜ್‌ಗೆ ಅವನ ಹೆಸರು ಕೊಟ್ಟೆ, ಜ್ವರವೆಂದು ಬರಲಿಲ್ಲ. ತರಗತಿಯಲ್ಲಿ ಕೈ ಎತ್ತುವುದನ್ನೂ ಬಿಟ್ಟಿದ್ದ. ಕಳೆದ ವರ್ಷ ಕೊಪ್ಪದ ಒಂದು ಮದುವೆಯಲ್ಲಿ ಸಿಕ್ಕಿದ. ಈಗ ಅವನಿಗೆ ತಲೆ ನರೆಯುತ್ತಿದೆ, ಒಳ್ಳೆಯ ತೋಟ ಮಾಡಿಕೊಂಡಿದ್ದಾನೆ. ಊಟವಾದ ಮೇಲೆ ಅವನನ್ನು ಮರೆಗೆ ಕರೆದು, ಆ ಪುಸ್ತಕದ ವಿಷಯ ಹೇಳಿ ಕ್ಷಮೆ ಕೇಳಿದೆ. “ಗೊತ್ತಿತ್ತು ಸಾರ್. ಅವತ್ತು ಬಸ್ಸಿನಲ್ಲೇ ನೆನಪಾಗಿತ್ತು. ನೀವೇ ಬರೆಸಿದ್ದು ಎಂದು ನಿಮಗೆ ಹೇಗೆ ಹೇಳುವುದು?” ಎಂದ. ಹದಿನಾಲ್ಕು ವರ್ಷದ ಹುಡುಗ ಆ ರಾತ್ರಿಯೆಲ್ಲ ನನ್ನ ಮರ್ಯಾದೆ ಕಾಯುತ್ತ ಕೂತಿದ್ದ ಪುಟ್ಟಿ.

ನೀನು ನನ್ನಷ್ಟು ಒರಟಲ್ಲ, ಅದು ನನಗೆ ಗೊತ್ತು. ಆದರೆ ಬೈಗುಳವೇ ಬೇಕೆಂದಿಲ್ಲ. “ಅಯ್ಯೋ, ಅದು ನಿನಗೆ ಗೊತ್ತಿತ್ತಲ್ಲೇ!” ಎಂಬ ಒಂದು ಉದ್ಗಾರ ಸಾಕು. ಪ್ರೀತಿಯಿಂದಲೇ ಹೇಳುತ್ತೇವೆ, ಮಕ್ಕಳಿಗೆ ಅದು ಬೇರೆ ರೀತಿ ಕೇಳಿಸುತ್ತದೆ. ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲವೆಂಬ ಸಂಕಟ ಆಗಲೇ ಅವರ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಮನೆಯ ಸೋಫಾದ ಮೇಲೆ ಕೂತು ನಾವು ಪಟಪಟನೆ ಉತ್ತರ ಹೇಳುತ್ತೇವೆ. ಅಲ್ಲಿ ಮುಖದ ಮೇಲೆ ದೀಪಗಳ ಬಿಸಿ, ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಅಪರಿಚಿತ ಸ್ಪರ್ಧಿಗಳು. ನಾಲಿಗೆಯ ತುದಿಗೆ ಬಂದದ್ದು ಹಿಂದಕ್ಕೆ ಹೋಗುವುದು ಸಹಜ. ಆದ್ದರಿಂದ ಗೇಟಿನ ಹೊರಗೆ ಬಂದ ಕೂಡಲೇ ಎಷ್ಟು ಗೆದ್ದೆ, ಯಾವುದು ತಪ್ಪಿತು ಎಂದು ಕೇಳಬೇಡ. ಹಸಿವಾಗಿದೆಯೇ ಎಂದು ಕೇಳು. ಅವಳಾಗಿಯೇ ಹೇಳಲು ಶುರು ಮಾಡಿದರೆ ಕೇಳಿಸಿಕೊ, ನಡುವೆ ತಿದ್ದಬೇಡ. ಹೇಳದಿದ್ದರೆ ರೈಲಿನಲ್ಲಿ ಮಲಗಲಿ ಬಿಡು.

ಚಿತ್ರೀಕರಣಕ್ಕೂ ಪ್ರಸಾರಕ್ಕೂ ನಡುವೆ ದಿನಗಳೋ ವಾರಗಳೋ ಹೋಗುತ್ತವೆ. ಆ ನಡುವಿನ ಕಾಲ ಬಹಳ ಕಷ್ಟದ್ದು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫಲಿತಾಂಶ ಅವಳಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಕಾಲೇಜಿನಲ್ಲಿ, ಬಸ್ ನಿಲ್ದಾಣದಲ್ಲಿ, ಹಾಲಿನ ಡೇರಿಯಲ್ಲಿ ಎಲ್ಲರೂ ಕೇಳುತ್ತಾರೆ. ಸೋತಿದ್ದರಂತೂ ಅದನ್ನು ದಿನವೂ ಒಳಗೇ ಇಟ್ಟುಕೊಂಡು ನಗುತ್ತಿರಬೇಕು, ಆಮೇಲೆ ಎಲ್ಲರೆದುರು ಇನ್ನೊಮ್ಮೆ ಸೋಲಬೇಕು. ಹಾಗಾಗಿ ಪ್ರಸಾರದ ದಿನ ಯಾರ ಜೊತೆ ಕೂತು ನೋಡಬೇಕೆಂಬುದನ್ನು ಅವಳೇ ತೀರ್ಮಾನಿಸಲಿ. ನೋಡುವುದೇ ಬೇಡ ಎಂದರೆ ಅದೂ ಸರಿ. ಬೀದಿಯವರನ್ನೆಲ್ಲ ಕರೆದು ಮಂಡಕ್ಕಿ ಕಲಸಿಡುವ ಆಸೆ ನಿನಗಿದೆ. ಅವಳನ್ನು ಕೇಳದೆ ಯಾರನ್ನೂ ಕರೆಯಬೇಡ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ನನ್ನ ಕಾಲದಲ್ಲಿ ಪ್ರಸಾರ ಮುಗಿದರೆ ಮುಗಿಯಿತು, ಊರಿನ ನಗು ಊರಿನಲ್ಲೇ ಕರಗುತ್ತಿತ್ತು. ಈಗ ಕಂತುಗಳು ಯೂಟ್ಯೂಬಿನಲ್ಲಿ ಉಳಿದುಬಿಡುತ್ತವೆ, ಯಾರು ಬೇಕಾದರೂ ಒಂದು ತುಣುಕು ಕತ್ತರಿಸಿ ಹಂಚಬಹುದು. 2025ರ ಅಕ್ಟೋಬರ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಒಬ್ಬ ಪುಟ್ಟ ಹುಡುಗ ಅಮಿತಾಭ್ ಬಚ್ಚನ್ ಅವರ ಎದುರು ಸ್ವಲ್ಪ ಅವಸರದ, ದುಡುಕಿನ ಮಾತನಾಡಿ, ತಪ್ಪು ಉತ್ತರ ಕೊಟ್ಟು ಬರಿಗೈಯಲ್ಲಿ ಹೋದ. ಆಮೇಲೆ ದೇಶದ ದೊಡ್ಡವರೆಲ್ಲ ಸೇರಿ ಆ ಮಗುವನ್ನೂ ಹೆತ್ತವರನ್ನೂ ಮೊಬೈಲುಗಳಲ್ಲಿ ಹುರಿದು ಮುಕ್ಕಿದರು. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲೂ ಆ ವಿಡಿಯೊ ಬಂತು, ನೆನಪಿದೆಯೇ? ಎಷ್ಟು ಜನ ನಕ್ಕರು! ಒಂದು ಮಗು ಅತಿಯಾಗಿ ಆಡಿದರೆ ಅದನ್ನು ತಿದ್ದುವ ಜಾಗ ಮನೆಯೇ ಹೊರತು ಬೀದಿಯಲ್ಲ. ಆ ದಿನ ನಾನೂ ಸುಮ್ಮನೆ ಇದ್ದೆ. ಒಂದು ಮಾತು ಬರೆಯಬಹುದಿತ್ತು. ಚಿನ್ನುವಿನ ಕಂತಿನ ಕೆಳಗೆ ಜನ ಬರೆಯುವುದನ್ನು ನೀನು ಓದಬೇಡ, ಹೊಗಳಿಕೆಯಾದರೂ ಅವಳಿಗೆ ಓದಿ ಹೇಳಬೇಡ.

ಇಷ್ಟೆಲ್ಲ ಹೇಳಿದೆನೆಂದು ಹೆದರಬೇಡ. ಅವಳು ಹೋಗುತ್ತಿರುವುದು ಒಳ್ಳೆಯ ಜಾಗಕ್ಕೆ. 2002ರ ಜನವರಿ 4ರಂದು ಶುರುವಾದ ಕಾರ್ಯಕ್ರಮ ಅದು, ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ದಾಟಿದೆ. ಬೇರೆ ಕಡೆ ಕೋಟಿಯ ಆಸೆ ತೋರಿಸಿ ಕೂರಿಸುವಾಗ ಇಲ್ಲಿ ಸರಿಯುತ್ತರಕ್ಕೆ ಕೊಡುವುದು ಕನ್ನಡದ ಪುಸ್ತಕ. ಅದನ್ನು ನಡೆಸಿಕೊಡುವ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ತಪ್ಪು ಹೇಳಿದವರ ಮುಖ ಬಾಡದ ಹಾಗೆ ಮುಂದಿನ ಪ್ರಶ್ನೆಗೆ ಹೋಗುವ ಅವರ ರೀತಿಯನ್ನು ನಾನು ಎಷ್ಟೋ ರಾತ್ರಿ ಗಮನಿಸಿದ್ದೇನೆ. ಮೇಷ್ಟರಾಗಿದ್ದಾಗ ನನಗೆ ಆ ಹದ ಸಿಕ್ಕಿರಲಿಲ್ಲ.

ಪುಸ್ತಕಗಳು ಬಂದರೆ ಶೋಕೇಸಿನ ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಬೇಡ, ಅವಳ ಮಂಚದ ಪಕ್ಕದಲ್ಲಿ ಇರಲಿ. ಒಂದೂ ಬರದಿದ್ದರೆ ನನ್ನ ಕಪಾಟಿನಿಂದ ಅವಳಿಗೆ ಬೇಕಾದದ್ದನ್ನು ತೆಗೆದುಕೊಂಡು ಹೋಗಲಿ. ಅದನ್ನು ಬಹುಮಾನವೆಂದು ಕರೆಯಬೇಡ, ಸಮಾಧಾನವೆಂದೂ ಅನ್ನಬೇಡ.

ನಿನ್ನ ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಈ ವಾರ ಯಾರಾದರೂ ಸಾಗರದ ಕಡೆ ಹೋಗುವವರಿದ್ದರೆ ಕಳಿಸುತ್ತೇನೆ. ಬೆಂಗಳೂರಿಗೆ ಹೋಗುವಾಗ ಶಾಲು ಮರೆಯಬೇಡ, ಸ್ಟುಡಿಯೋ ಒಳಗೆ ಕಾದು ಕೂರುವಾಗ ಎ.ಸಿ.ಯ ಚಳಿ ಹೆಚ್ಚು. ಹಿಂದಿರುಗುವ ರೈಲಿನ ದಿನವನ್ನು ತಿಳಿಸು. ಬೆಳಿಗ್ಗೆ ನಾನು ಸಾಗರದ ಸ್ಟೇಷನ್ನಿಗೆ ಬಂದಿರುತ್ತೇನೆ. ಮೊದಲು ಎಲ್ಲಾದರೂ ಕೂತು ಬಿಸಿ ಇಡ್ಲಿ ತಿನ್ನೋಣ.

ಇತಿ ನಿನ್ನ
ಮಾವ